ವಾರ್ಡ್‌ನಿಂದ ಐಸಿಯುಗೆ: ಸಿದ್ಧತೆ ಯಾರದ್ದಿರಬೇಕು?

ರಾಬಿನ್ಸ್‌ವಿಲ್ ಎಂಬ ಊರಿನ ಹೆಸರು ಬಹಳಷ್ಟು ಕನ್ನಡಿಗರ ಕಿವಿಗೆ ಬಿದ್ದದ್ದು 2023ರ ಅಕ್ಟೋಬರ್‌ನಲ್ಲಿ, ಅಲ್ಲಿ ಅಕ್ಷರಧಾಮ ದೇವಾಲಯ ಉದ್ಘಾಟನೆಯಾದಾಗ. ನ್ಯೂಜೆರ್ಸಿ ರಾಜ್ಯದ ಮರ್ಸರ್ ಕೌಂಟಿಯ ಈ ಊರು ನರ್ಸಿಂಗ್ ವೃತ್ತಿಯವರಿಗೆ ಇನ್ನೊಂದು ಕಾರಣಕ್ಕೂ ಅನುಕೂಲದ ಜಾಗ. ಪಕ್ಕದ ಹ್ಯಾಮಿಲ್ಟನ್‌ನಲ್ಲಿ ರಾಬರ್ಟ್ ವುಡ್ ಜಾನ್ಸನ್ ಆಸ್ಪತ್ರೆ, ಪ್ಲೇನ್ಸ್‌ಬರೋದಲ್ಲಿ ಪ್ರಿನ್ಸ್‌ಟನ್ ಮೆಡಿಕಲ್ ಸೆಂಟರ್, ಟ್ರೆಂಟನ್ ಮತ್ತು ಹೋಪ್‌ವೆಲ್‌ನಲ್ಲಿ ಕ್ಯಾಪಿಟಲ್ ಹೆಲ್ತ್, ಇನ್ನೂ ಸ್ವಲ್ಪ ಮುಂದೆ ನ್ಯೂ ಬ್ರನ್ಸ್‌ವಿಕ್‌ನ ದೊಡ್ಡ ಬೋಧನಾ ಆಸ್ಪತ್ರೆ, ಹೀಗೆ ಕಾರಿನಲ್ಲಿ ಒಂದು ಗಂಟೆಯೊಳಗೆ ಹಲವು ಆಸ್ಪತ್ರೆಗಳು ಸಿಗುತ್ತವೆ. ಪದವಿ ಮುಗಿಸಿ, ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ, ಇಂಥದ್ದೊಂದು ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿ ಒಂದು ಒಂದೂವರೆ ವರ್ಷ ದುಡಿದ ನರ್ಸ್‌ಗಳ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಐಸಿಯುನಲ್ಲಿ ಹುದ್ದೆ ಖಾಲಿ ಇದೆ, ಈಗಲೇ ಹೋಗಬೇಕೇ, ಇನ್ನೆರಡು ವರ್ಷ ವಾರ್ಡ್‌ನಲ್ಲೇ ಪಳಗಬೇಕೇ? ಹಿರಿಯರು ಕಾಯಿರಿ ಎನ್ನುತ್ತಾರೆ, ಓರಗೆಯವರು ಈ ಅವಕಾಶ ಬಿಡಬೇಡಿ ಎನ್ನುತ್ತಾರೆ. ಎರಡೂ ಸಲಹೆಗಳು ಹೋಗುವವರ ಸಾಮರ್ಥ್ಯವೊಂದನ್ನೇ ತೂಗುತ್ತವೆ. ಬೇಗ ಹೋಗುವುದರಲ್ಲಿ ತಪ್ಪಿಲ್ಲ, ಆದರೆ ಅವರನ್ನು ಬರಮಾಡಿಕೊಳ್ಳುವ ಘಟಕ ಕಲಿಸಲು ಸಿದ್ಧವಿದೆಯೇ ಎಂಬುದನ್ನು ಮೊದಲು ತೂಗಬೇಕು ಎಂಬುದು ಈ ಲೇಖನದ ವಾದ.

ಮೊದಲಿಗೆ ವಾರ್ಡ್ ಏನನ್ನು ಕಲಿಸುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. ಅಲ್ಲಿನ ಒಬ್ಬ ನರ್ಸ್ ಕೈಯಲ್ಲಿ ಐದೋ ಆರೋ ರೋಗಿಗಳಿರುತ್ತಾರೆ. ಒಬ್ಬರಿಗೆ ಇನ್ಸುಲಿನ್ ಕೊಡುವ ಹೊತ್ತು, ಇನ್ನೊಬ್ಬರ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಡ್ರೆಸ್ಸಿಂಗ್ ಬದಲಿಸುವ ಹೊತ್ತು, ಮತ್ತೊಬ್ಬರ ಡಿಸ್ಚಾರ್ಜ್ ಕಾಗದ, ಮಗದೊಬ್ಬರ ಮನೆಯವರ ಫೋನು, ಎಲ್ಲವೂ ಒಂದೇ ಸಲಕ್ಕೆ ಬರುತ್ತವೆ. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವ ಹಾಗೆ, ಯಾರನ್ನು ಈಗ ನೋಡಬೇಕು, ಯಾರು ಹತ್ತು ನಿಮಿಷ ಕಾಯಬಹುದು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವುದೇ ಅಲ್ಲಿನ ಕಸುಬು. ಈ ತೀರ್ಮಾನಗಳ ಮೇಲೆ ಜೀವಗಳು ನಿಂತಿವೆ. ಆಸ್ಪತ್ರೆಯಲ್ಲೇ ಹೃದಯಸ್ತಂಭನಕ್ಕೆ ಒಳಗಾದ 64 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟವಾದ ಮಯಾಮಿಯ ಅಧ್ಯಯನವೊಂದರಲ್ಲಿ, ಶೇಕಡ 84ರಷ್ಟು ಜನರ ಸ್ಥಿತಿ ಅದಕ್ಕೂ ಮುಂಚಿನ ಎಂಟು ಗಂಟೆಗಳಲ್ಲೇ ಹದಗೆಡತೊಡಗಿದ್ದು ಕಂಡುಬಂತು. ಮುನ್ಸೂಚನೆಗಳಲ್ಲಿ ಉಸಿರಾಟದ ಏರುಪೇರು ಮುಖ್ಯವಾದದ್ದು. ರೋಗಿಯ ಎದೆಯನ್ನೇ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುವ ನರ್ಸ್‌ಗೆ ಅದು ಕಾಣುತ್ತದೆ, ಚಾರ್ಟ್‌ನಲ್ಲಿ ಅಭ್ಯಾಸಬಲದಿಂದ 18 ಎಂದು ಬರೆದು ಮುಂದೆ ಹೋಗುವವರಿಗೆ ಕಾಣುವುದಿಲ್ಲ. ತೊಡಕು ಕಾಣಿಸಿಕೊಂಡ ರೋಗಿಯನ್ನು ಸಕಾಲದಲ್ಲಿ ಗುರುತಿಸಿ ಉಳಿಸಿಕೊಳ್ಳಲಾಗದ ಸೋಲನ್ನು ಆಸ್ಪತ್ರೆಯ ಗುಣಮಟ್ಟದ ಅಳತೆಗೋಲಾಗಿ ಜೆಫ್ರಿ ಸಿಲ್ಬರ್ ಮತ್ತು ಸಂಗಡಿಗರು ಮುಂದಿಟ್ಟದ್ದು 1992ರಲ್ಲಿ. ಆ ಅಳತೆಗೋಲು ಮೊದಲು ಅಳೆಯುವುದು ವಾರ್ಡ್‌ನ ಕಣ್ಣನ್ನು.

ಐಸಿಯುನಲ್ಲಿ ರೋಗಿಗಳು ಒಬ್ಬರು ಅಥವಾ ಇಬ್ಬರು, ನೋಟ ಮಾತ್ರ ಬಹಳ ಆಳದ್ದು. ಈ ವ್ಯವಸ್ಥೆ ಹುಟ್ಟಿದ್ದೇ ಬಿಡದೆ ಪಕ್ಕದಲ್ಲಿ ಇರಬೇಕಾದ ಅಗತ್ಯದಿಂದ. 1952ರ ಪೋಲಿಯೊ ಪಿಡುಗಿನಲ್ಲಿ ಕೋಪನ್‌ಹೇಗನ್‌ನ ಬ್ಲೆಗ್‌ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಸಾಲುಸಾಲಾಗಿ ಬಂದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಹಾಕಿ, ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಿಂದಲೇ ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಮರುವರ್ಷ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಬ್ಸೆನ್ ತೀವ್ರ ನಿಗಾ ಘಟಕವನ್ನೇ ತೆರೆದರು. ಚೀಲ ಒತ್ತುವ ಕೈಗಳ ಜಾಗಕ್ಕೆ ಆಮೇಲೆ ವೆಂಟಿಲೇಟರ್ ಬಂತು. ಯಂತ್ರ ಸರಿಯಾಗಿ ನಡೆಯುತ್ತಿದೆಯೇ, ರೋಗಿ ಅದಕ್ಕೆ ಹೊಂದಿಕೊಂಡಿದ್ದಾರೆಯೇ ಎಂದು ನೋಡುವ ಕೆಲಸ ನರ್ಸ್ ಪಾಲಿಗೇ ಉಳಿಯಿತು.

ಈ ಆಳ ಎಂಥದ್ದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ ರೋಗಿಯ ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿರುತ್ತಾರೆ. ಅದಕ್ಕೆ ಜೋಡಿಸಿದ ಟ್ರಾನ್ಸ್‌ಡ್ಯೂಸರ್ ಪ್ರತಿ ಬಡಿತದ ಒತ್ತಡವನ್ನೂ ಮಾನಿಟರ್‌ಗೆ ಕಳಿಸುತ್ತದೆ. ಸರಾಸರಿ ಒತ್ತಡ 65ಕ್ಕಿಂತ ಕೆಳಗಿಳಿಯಬಾರದು ಎಂಬ ಗುರಿ ಇಟ್ಟುಕೊಂಡು ನರ್ಸ್ ನಾರ್‌ಎಪಿನೆಫ್ರಿನ್ ಔಷಧಿಯ ಹರಿವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ, ಇಳಿಸುತ್ತಾರೆ. ಟ್ರಾನ್ಸ್‌ಡ್ಯೂಸರ್ ರೋಗಿಯ ಹೃದಯದ ಮಟ್ಟದಲ್ಲೇ ಇರಬೇಕು, ಅಂದರೆ ಎದೆಯ ಪಕ್ಕದಲ್ಲಿ ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯ ನೇರಕ್ಕೆ. ಯಾರೋ ಮಂಚವನ್ನು ಎತ್ತರಿಸಿದರು, ಟ್ರಾನ್ಸ್‌ಡ್ಯೂಸರ್ ಮಾತ್ರ ಕಂಬದಲ್ಲಿ ಇದ್ದಲ್ಲೇ ಉಳಿಯಿತು ಎಂದುಕೊಳ್ಳಿ. ಅದು ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಾದರೆ ಪರದೆಯ ಅಂಕಿ ಸುಮಾರು ಏಳೂವರೆಯಷ್ಟು ಹೆಚ್ಚು ತೋರಿಸುತ್ತದೆ. ನಿಜವಾದ ಒತ್ತಡ 60 ಇದ್ದರೂ ಪರದೆ 67 ಎನ್ನುತ್ತದೆ. ಗುರಿ ಮುಟ್ಟಿತೆಂದು ಔಷಧಿ ಇಳಿಸಿದರೆ ಮೂತ್ರಪಿಂಡಕ್ಕೆ, ಮೆದುಳಿಗೆ ರಕ್ತ ಸಾಲದಾಗುತ್ತದೆ, ಅದನ್ನು ತಿಳಿಸಲು ಯಾವ ಅಲಾರಾಂ ಕೂಡ ಹೊಡೆದುಕೊಳ್ಳುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಲು ಐದು ನಿಮಿಷ ಸಾಕು. ಮಂಚ ಅಲುಗಿದಾಗಲೆಲ್ಲ ಕೈ ತಾನಾಗಿಯೇ ಟ್ರಾನ್ಸ್‌ಡ್ಯೂಸರ್ ಕಡೆ ಹೋಗುವಂತಾಗಲು ಮಾತ್ರ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಬೇಕು, ಹಲವು ಶಿಫ್ಟ್‌ಗಳು ಬೇಕು.

ಇಲ್ಲಿಯೇ ನರ್ಸಿಂಗ್ ಚಿಂತಕಿ ಪೆಟ್ರಿಷಿಯಾ ಬೆನ್ನರ್ ಅವರ ಚಿಂತನೆ ನೆರವಿಗೆ ಬರುತ್ತದೆ. ನರ್ಸ್ ಒಬ್ಬರು ಅನನುಭವಿಯಿಂದ ಪರಿಣತರಾಗುವವರೆಗೆ ಐದು ಹಂತಗಳನ್ನು ದಾಟುತ್ತಾರೆ ಎಂದು 1984ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದರು. ಆ ವಿವರಣೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಮಾತಿದೆ: ಪರಿಣತಿ ವ್ಯಕ್ತಿಗೆ ಅಂಟಿಕೊಂಡು ಎಲ್ಲೆಡೆಗೂ ಬರುವ ಗುಣವಲ್ಲ, ಅದು ಒಂದು ಬಗೆಯ ರೋಗಿಗಳ ನಡುವೆ ಬೆಳೆದದ್ದು. ಪರಿಚಯವಿಲ್ಲದ ಬಗೆಯ ರೋಗಿಗಳ ನಡುವೆ ನಿಂತ ಅನುಭವಿ ನರ್ಸ್ ಕೂಡ ಮತ್ತೆ ಮೊದಲ ಹಂತಕ್ಕೆ ಇಳಿಯಬಹುದು. ಹಾಗಿದ್ದ ಮೇಲೆ ವಾರ್ಡ್‌ನಲ್ಲಿ ಒಂದು ವರ್ಷ ಇದ್ದವರೂ ಐದು ವರ್ಷ ಇದ್ದವರೂ ವೆಂಟಿಲೇಟರ್ ಮುಂದೆ ಮೊದಲ ದಿನ ಹೆಚ್ಚುಕಡಿಮೆ ಒಂದೇ ಮೆಟ್ಟಿಲಲ್ಲಿ ನಿಂತಿರುತ್ತಾರೆ. ವ್ಯತ್ಯಾಸ ಮಾಡುವುದು ಅಲ್ಲಿಂದ ಮೇಲಕ್ಕೆ ಹತ್ತಿಸುವ ಏರ್ಪಾಡು. ಯಾರು ಕಲಿಸುತ್ತಾರೆ, ಎಷ್ಟು ವಾರ ಕಲಿಸುತ್ತಾರೆ, ಆ ವಾರಗಳಲ್ಲಿ ಹೊಸಬರನ್ನು ಪೂರ್ಣ ಲೆಕ್ಕದ ನರ್ಸ್ ಎಂದು ಎಣಿಸಿ ರೋಗಿಗಳನ್ನು ಹಂಚುತ್ತಾರೆಯೇ ಎಂಬ ಪ್ರಶ್ನೆಗಳು ವರ್ಷಗಳ ಲೆಕ್ಕಕ್ಕಿಂತ ದೊಡ್ಡವು.

ಈ ಮಾತಿಗೆ ಆಧಾರ ರಾಬಿನ್ಸ್‌ವಿಲ್‌ನ ನೆರೆಯಲ್ಲೇ ಇದೆ. ಪ್ರಿನ್ಸ್‌ಟನ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ಬೆಂಬಲದಿಂದ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ನರ್ಸಿಂಗ್‌ನ ಭವಿಷ್ಯ ಕುರಿತ ವರದಿಯನ್ನು ಹೊರತಂದಿತು. ನರ್ಸ್ ರೆಸಿಡೆನ್ಸಿ, ಅಂದರೆ ಮೇಲ್ವಿಚಾರಣೆಯ ಕಲಿಕೆಯ ಅವಧಿ, ಹೊಸ ಪದವೀಧರರಿಗಷ್ಟೇ ಅಲ್ಲದೆ ಹೊಸ ಚಿಕಿತ್ಸಾ ವಿಭಾಗಕ್ಕೆ ಹೋಗುವ ನರ್ಸ್‌ಗಳಿಗೂ ಬೇಕು ಎಂದು ಆ ವರದಿ ಶಿಫಾರಸು ಮಾಡಿತು. ಪದವೀಧರರ ಮಟ್ಟಿಗೆ ಈ ಶಿಫಾರಸಿಗೆ ಒಳ್ಳೆಯ ಬೆಳೆ ಬಂದಿದೆ. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಅವರಿಗೆ ಒಂದು ವರ್ಷದ ರೆಸಿಡೆನ್ಸಿ ಇದೆ. ವಾರ್ಡ್‌ನಿಂದ ಬರುವವರ ವಿಷಯದಲ್ಲಿ ಮಾತ್ರ ‘ಅನುಭವ ಇದೆಯಲ್ಲ’ ಎಂಬ ನೆಪದಲ್ಲಿ ಕಲಿಕೆಯ ವಾರಗಳನ್ನು ಮೊಟಕುಗೊಳಿಸುವ ಪ್ರವೃತ್ತಿ ಸುಲಭವಾಗಿ ನುಸುಳುತ್ತದೆ. ನ್ಯೂಜೆರ್ಸಿಯೂ ಸೇರಿ ನಾಲ್ಕು ರಾಜ್ಯಗಳಲ್ಲಿ ವೆಂಟಿಲೇಟರ್‌ನಲ್ಲಿದ್ದ ಹಿರಿಯ ವಯಸ್ಸಿನ ರೋಗಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ನರ್ಸ್‌ಗಳಿಗೆ ಒಳ್ಳೆಯ ಕೆಲಸದ ವಾತಾವರಣ ಇದ್ದ ಐಸಿಯುಗಳಲ್ಲಿ, ಕೆಟ್ಟ ವಾತಾವರಣದ ಐಸಿಯುಗಳಿಗೆ ಹೋಲಿಸಿದರೆ, 30 ದಿನಗಳೊಳಗಿನ ಸಾವಿನ ಸಂಭವ ಶೇಕಡ 11ರಷ್ಟು ಕಡಿಮೆ ಇತ್ತು. ವಾತಾವರಣ ಅಂದರೆ ಗೋಡೆಯ ಬಣ್ಣವಲ್ಲ. ಸಂದೇಹ ಬಂದಾಗ ಕೇಳಿದರೆ ಗದರದ ಮೇಲಧಿಕಾರಿ, ನರ್ಸ್ ಮಾತನ್ನು ಕಿವಿಗೊಟ್ಟು ಕೇಳುವ ವೈದ್ಯರು, ಸಾಕಷ್ಟು ಕೈಗಳು, ಇವುಗಳ ಒಟ್ಟು ಮೊತ್ತ ಅದು.

ಇದಕ್ಕೆ ಎದುರಾಗಿ ಹಿರಿಯ ನರ್ಸ್‌ಗಳು ಎತ್ತುವ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಐಸಿಯುನಲ್ಲಿ ತಪ್ಪಿಗೆ ಜಾಗ ಕಡಿಮೆ, ಬುನಾದಿ ಗಟ್ಟಿಯಾಗುವ ಮೊದಲೇ ಹೋದವರು ತಾವೂ ನಲುಗುತ್ತಾರೆ, ರೋಗಿಯನ್ನೂ ಅಪಾಯಕ್ಕೆ ಒಡ್ಡುತ್ತಾರೆ ಎಂಬುದು ಅವರ ಮಾತು. ಬುನಾದಿ ಬೇಕೆಂಬುದು ನಿಜ. ಆದರೆ ಬುನಾದಿ ಎಂದರೆ ಏನು ಎಂದು ಬಿಡಿಸಿ ನೋಡಿದರೆ ಅದು ಕ್ಯಾಲೆಂಡರ್‌ನಲ್ಲಿ ಸಿಗುವ ವಸ್ತುವಲ್ಲ ಎಂದು ಗೊತ್ತಾಗುತ್ತದೆ. ಹದಗೆಡುತ್ತಿರುವ ರೋಗಿಯನ್ನು ಗುರುತಿಸುವುದು, ಗುರುತಿಸಿದ್ದನ್ನು ವೈದ್ಯರಿಗೆ ನಾಲ್ಕು ವಾಕ್ಯಗಳಲ್ಲಿ ಸ್ಪಷ್ಟವಾಗಿ ಹೇಳುವುದು, ಒಪ್ಪದ ಉತ್ತರ ಬಂದಾಗ ಮತ್ತೆ ಮೇಲಕ್ಕೆ ಕರೆ ಮಾಡುವ ಧೈರ್ಯ, ಕೆಲಸಗಳನ್ನು ಸರದಿಗೆ ಜೋಡಿಸುವ ಚಳಕ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪ್ರಾಮಾಣಿಕತೆ, ಇವು ಬುನಾದಿಯ ಕಲ್ಲುಗಳು. ಒಳ್ಳೆಯ ಚಾರ್ಜ್ ನರ್ಸ್ ಇರುವ, ರೋಗಿಗಳ ಸಂಖ್ಯೆ ಮಿತಿಯಲ್ಲಿರುವ ವಾರ್ಡ್‌ನಲ್ಲಿ ಇವು ಒಂದು ಒಂದೂವರೆ ವರ್ಷದಲ್ಲಿ ಕೂರಬಲ್ಲವು. ಸದಾ ಓಡುತ್ತಲೇ ಇರುವ ವಾರ್ಡ್‌ನಲ್ಲಿ ಐದು ವರ್ಷ ಕಳೆದರೂ ಕೂರದೆ ಹೋಗಬಹುದು. ಅಲ್ಲಿ ಬೆಳೆಯುವುದು ಮಾತ್ರೆ ಹಂಚುವ ವೇಗ ಮಾತ್ರ. ಆದ್ದರಿಂದ ‘ಎಷ್ಟು ವರ್ಷ ಆಯಿತು’ ಎಂಬ ಪ್ರಶ್ನೆಯ ಬದಲು ‘ಈ ಐದು ಕೆಲಸ ಬರುತ್ತವೆಯೇ’ ಎಂದು ಕೇಳುವುದು ರೋಗಿಗೂ ಕ್ಷೇಮ, ನರ್ಸ್‌ಗೂ ನ್ಯಾಯ.

ಇದಕ್ಕೆ ನೇರ ವಿರುದ್ಧ ದಿಕ್ಕಿನಿಂದಲೂ ಆಕ್ಷೇಪ ಬರುತ್ತದೆ. ಕಲಿಸುವ ಘಟಕವೇ ಮುಖ್ಯವೆಂದಾದರೆ ವಾರ್ಡ್ ಯಾಕೆ ಬೇಕು, ಕಾಲೇಜಿನಿಂದ ಸೀದಾ ಐಸಿಯುಗೆ ಹೋದರಾಯಿತಲ್ಲ? ಅಮೆರಿಕದಲ್ಲೂ ಹಾಗೆ ಹೋಗುವವರಿದ್ದಾರೆ, ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲೂ ಬಿಎಸ್ಸಿ ನರ್ಸಿಂಗ್ ಮುಗಿಸಿದವರನ್ನು ನೇರವಾಗಿ ಐಸಿಯುಗೆ ಹಾಕುವುದುಂಟು. ಸರಿಯಾದ ರೆಸಿಡೆನ್ಸಿ ಇದ್ದಲ್ಲಿ ಅವರೂ ಒಳ್ಳೆಯ ಐಸಿಯು ನರ್ಸ್‌ಗಳಾಗುತ್ತಾರೆ, ಆ ದಾರಿಯನ್ನು ಮುಚ್ಚಬೇಕಿಲ್ಲ. ಆದರೆ ವಾರ್ಡ್ ದಾಟಿ ಬಂದವರು ಐಸಿಯುಗೆ ತರುವ ಒಂದು ಬಂಡವಾಳ ಇವತ್ತು ಹಿಂದೆಂದಿಗಿಂತ ಹೆಚ್ಚು ಬೆಲೆಯುಳ್ಳದ್ದು. ರೋಗಿಯನ್ನು ದಿನಗಟ್ಟಲೆ ಮಂಪರಿನಲ್ಲಿ ಮಲಗಿಸಿಡುವ ಪದ್ಧತಿಯಿಂದ ಐಸಿಯುಗಳು ಹಿಂದೆ ಸರಿಯುತ್ತಿವೆ. ಪ್ರತಿ ಬೆಳಗ್ಗೆ ಮಂಪರು ಔಷಧಿ ನಿಲ್ಲಿಸಿ ಎಚ್ಚರಿಸುವುದನ್ನೂ, ತಾನಾಗಿ ಉಸಿರಾಡಲು ಬಿಟ್ಟು ನೋಡುವುದನ್ನೂ ಜೊತೆಗೂಡಿಸಿದರೆ ರೋಗಿಗಳು ವೆಂಟಿಲೇಟರ್‌ನಿಂದ ಬೇಗ ಹೊರಬರುತ್ತಾರೆ, ಒಂದು ವರ್ಷದ ನಂತರ ಹೆಚ್ಚು ಜನ ಬದುಕಿರುತ್ತಾರೆ ಎಂದು 2008ರ ಪ್ರಯೋಗವೊಂದು ತೋರಿಸಿತು. ವೆಂಟಿಲೇಟರ್‌ನಲ್ಲಿರುವಾಗಲೇ ಕೂರಿಸಿ, ನಿಲ್ಲಿಸಿ, ಕೈಕಾಲು ಆಡಿಸಿದ ರೋಗಿಗಳಲ್ಲಿ ಶೇಕಡ 59ರಷ್ಟು ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು, ಎಂದಿನ ಆರೈಕೆ ಪಡೆದವರಲ್ಲಿ ಆ ಪ್ರಮಾಣ ಶೇಕಡ 35 ಎಂದು 2009ರ ಇನ್ನೊಂದು ಪ್ರಯೋಗದಿಂದ ತಿಳಿಯಿತು. ಎಬ್ಬಿಸಿ ಕೂರಿಸುವುದು, ಗಾಬರಿಯಾದವರಿಗೆ ಧೈರ್ಯ ಹೇಳುವುದು, ಮನೆಯವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳುವುದು, ಮನೆಗೆ ಹೋಗುವ ದಿನವನ್ನು ಮೊದಲ ದಿನದಿಂದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ವಾರ್ಡ್ ನರ್ಸ್‌ನ ನಿತ್ಯದ ಕೆಲಸ. ಐಸಿಯು ದಾಟಿದ ಮನುಷ್ಯ ಆಮೇಲೆ ಹೇಗಿರುತ್ತಾರೆ ಎಂದು ಕಣ್ಣಾರೆ ಕಂಡವರು ಅವರೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಚುರುಕಾದವರೆಲ್ಲ ವರ್ಷ ತುಂಬುತ್ತಲೇ ಐಸಿಯುಗೆ ಹೊರಟರೆ ವಾರ್ಡ್‌ನ ಗತಿಯೇನು? ವಾರ್ಡ್‌ನಲ್ಲಿ ಕಣ್ಣುಗಳು ಕಡಿಮೆಯಾದರೆ ಅದರ ಬೆಲೆ ಎಷ್ಟೆಂಬುದು ಅಂದಾಜಿನ ಮಾತಾಗಿ ಉಳಿದಿಲ್ಲ. ಲಿಂಡಾ ಏಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರುತ್ತದೆ. ವಾರ್ಡ್‌ನಲ್ಲಿ ಐವರಿಗೆ ಒಬ್ಬರು, ಐಸಿಯುನಲ್ಲಿ ಇಬ್ಬರಿಗೆ ಒಬ್ಬರು ಎಂಬ ಮಿತಿಯನ್ನು ಕ್ಯಾಲಿಫೋರ್ನಿಯಾ ಕಾನೂನಿನಲ್ಲೇ ಇಟ್ಟಿದೆ. ನ್ಯೂಜೆರ್ಸಿಯ ಆಸ್ಪತ್ರೆಗಳೂ ಅದೇ ಮಟ್ಟಕ್ಕೆ ಬಂದರೆ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳು ಶೇಕಡ 13.9ರಷ್ಟು ಇಳಿಯುತ್ತವೆ ಎಂದು ಅದೇ ತಂಡ 2010ರಲ್ಲಿ ಅಂದಾಜು ಮಾಡಿತು. ನ್ಯೂಜೆರ್ಸಿಯಲ್ಲಿ ಆಸ್ಪತ್ರೆಗಳು ಪ್ರತಿ ಪಾಳಿಯ ನರ್ಸ್ ಸಂಖ್ಯೆಯನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕೆಂಬ ಕಾನೂನು 2005ರಲ್ಲೇ ಬಂತು. 2023ರ ಆಗಸ್ಟ್ 4ರಂದು ನ್ಯೂ ಬ್ರನ್ಸ್‌ವಿಕ್‌ನ ರಾಬರ್ಟ್ ವುಡ್ ಜಾನ್ಸನ್ ಆಸ್ಪತ್ರೆಯ ಸುಮಾರು 1,700 ನರ್ಸ್‌ಗಳು ಮುಷ್ಕರ ಹೂಡಿ, ನಾಲ್ಕು ತಿಂಗಳು ಹೊರಗೆ ನಿಂತದ್ದು ಮುಖ್ಯವಾಗಿ ಈ ಸಂಖ್ಯೆಗಾಗಿಯೇ.

ಈ ಆಕ್ಷೇಪದಲ್ಲಿರುವ ಕಾಳಜಿ ಸರಿಯಾದದ್ದು, ಅದು ಸೂಚಿಸುವ ಪರಿಹಾರ ಮಾತ್ರ ಸರಿಯಲ್ಲ. ವಾರ್ಡ್ ಖಾಲಿಯಾಗುತ್ತದೆ ಎಂದು ಒಬ್ಬ ನರ್ಸ್‌ನ ದಾರಿಗೆ ಅಡ್ಡ ನಿಂತರೆ ಅವರು ಆ ಆಸ್ಪತ್ರೆಯನ್ನೇ ಬಿಟ್ಟು ಪಕ್ಕದ ಊರಿನ ಆಸ್ಪತ್ರೆಗೆ ಹೋಗುತ್ತಾರೆ. ಒಂದೇ ಪರವಾನಗಿಯಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಲು ಬಿಡುವ ಒಪ್ಪಂದವನ್ನು ನ್ಯೂಜೆರ್ಸಿ ಪೂರ್ಣವಾಗಿ ಜಾರಿಗೆ ತಂದ 2021ರಿಂದೀಚೆಗೆ ಹೊರ ರಾಜ್ಯಗಳಿಗೆ ಹೋಗುವುದೂ ಸುಲಭವಾಗಿದೆ. ಜನ ವಾರ್ಡ್ ಬಿಡುವುದು ಐಸಿಯು ಮೇಲಿನ ಮೋಹದಿಂದಷ್ಟೇ ಅಲ್ಲ. ಆರು ರೋಗಿಗಳ ನಡುವೆ ಒಬ್ಬರಿಗೂ ನ್ಯಾಯ ಒದಗಿಸಲಾಗಲಿಲ್ಲ ಎಂಬ ಕೊರಗು ಹೊತ್ತು ಮನೆಗೆ ಹೋಗುವ ಸಂಜೆಗಳು ಅವರನ್ನು ಹೊರದೂಡುತ್ತವೆ. ವಾರ್ಡ್‌ನ ಸಂಖ್ಯೆಯನ್ನು ಸರಿಪಡಿಸಿ, ವಾರ್ಡ್ ನರ್ಸಿಂಗ್ ಕೂಡ ಸ್ವತಂತ್ರ ಪರಿಣತಿ ಎಂದು ಒಪ್ಪಿ, ಅದಕ್ಕೆ ತಕ್ಕ ಸಂಬಳ, ಹುದ್ದೆ, ಗೌರವ ಕೊಟ್ಟರೆ ಅಲ್ಲೇ ಉಳಿಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇದೇ ಮಾತನ್ನು ಅನಸ್ತೇಷಿಯಾ ನರ್ಸ್ ಆಗುವ ಗುರಿಯಿಂದ ಐಸಿಯುಗೆ ಬರುವವರ ವಿಷಯದಲ್ಲೂ ಹೇಳಬೇಕು. ಆ ಕೋರ್ಸ್‌ಗೆ ಕನಿಷ್ಠ ಒಂದು ವರ್ಷದ ಐಸಿಯು ಅನುಭವ ಕಡ್ಡಾಯ. ಗುರಿ ಇಟ್ಟುಕೊಂಡು ಬರುವುದು ತಪ್ಪಲ್ಲ. ಅವರಿಗೂ ಪೂರ್ತಿಯಾಗಿ ಕಲಿಸಿದ ಘಟಕ ಅವರಿಂದ ಒಳ್ಳೆಯ ಎರಡು ಮೂರು ವರ್ಷಗಳನ್ನು ಪಡೆಯುತ್ತದೆ, ಅರೆಬರೆ ಕಲಿಸಿದ ಘಟಕ ಅದನ್ನೂ ಕಳೆದುಕೊಳ್ಳುತ್ತದೆ.

ಹಾಗಾದರೆ ಇಂಟರ್‌ವ್ಯೂಗೆ ಹೊರಟ ನರ್ಸ್ ಏನು ಮಾಡಬೇಕು? ಉತ್ತರ ಕೊಡುವುದರ ಜೊತೆಗೆ ಪ್ರಶ್ನೆಗಳನ್ನೂ ಒಯ್ಯಬೇಕು. ಓರಿಯೆಂಟೇಷನ್ ಎಷ್ಟು ವಾರ, ಬೇಕೆನಿಸಿದರೆ ಅದನ್ನು ವಿಸ್ತರಿಸುತ್ತೀರಾ? ಜೊತೆಗಿದ್ದು ಕಲಿಸುವ ಪ್ರಿಸೆಪ್ಟರ್ ಒಬ್ಬರೇ ಇರುತ್ತಾರೆಯೇ, ದಿನಕ್ಕೊಬ್ಬರು ಬದಲಾಗುತ್ತಾರೆಯೇ? ಹಗಲಲ್ಲಿ ಕಲಿಸಿ ರಾತ್ರಿ ಪಾಳಿಗೆ ಹಾಕುವುದಾದರೆ, ರಾತ್ರಿಯಲ್ಲಿ ಅನುಭವಿಗಳು ಎಷ್ಟು ಮಂದಿ ಇರುತ್ತಾರೆ? ಕಲಿಕೆಯ ವಾರಗಳಲ್ಲಿ ನನ್ನನ್ನು ಬೇರೆ ವಿಭಾಗಗಳಿಗೆ ಕಳಿಸುವುದಿಲ್ಲ ಎಂಬ ಭರವಸೆ ಇದೆಯೇ? ಕಳೆದ ಎರಡು ವರ್ಷಗಳಲ್ಲಿ ಬಂದ ಹೊಸಬರಲ್ಲಿ ಎಷ್ಟು ಜನ ಉಳಿದಿದ್ದಾರೆ? ಸಾಧ್ಯವಾದರೆ ಒಂದು ಶಿಫ್ಟ್ ಅಲ್ಲಿ ನಿಂತು ನೋಡಲು ಅನುಮತಿ ಕೇಳಬೇಕು. ಹೊಸಬರೊಬ್ಬರು ‘ಇದು ನನಗೆ ಗೊತ್ತಿಲ್ಲ’ ಎಂದಾಗ ಸುತ್ತಲಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅರ್ಧ ದಿನದಲ್ಲೇ ಕಂಡುಬರುತ್ತದೆ. ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗದ ಕಡೆ ಹೋಗದಿರುವುದು ಹೇಡಿತನವಲ್ಲ. ಹೋದ ಮೇಲೆ ಅಮೆರಿಕನ್ ಕ್ರಿಟಿಕಲ್ ಕೇರ್ ನರ್ಸ್‌ಗಳ ಸಂಘ ನಡೆಸುವ ಸಿಸಿಆರ್‌ಎನ್ ಪರೀಕ್ಷೆಯನ್ನು ಮುಂದಿನ ಮೆಟ್ಟಿಲಾಗಿ ಇಟ್ಟುಕೊಳ್ಳಬಹುದು. ಅದನ್ನು ಬರೆಯಲು ಎರಡು ವರ್ಷಗಳಲ್ಲಿ 1,750 ಗಂಟೆಗಳ ನೇರ ಆರೈಕೆಯ ಅನುಭವ ಬೇಕು, ಅಂದರೆ ಸಂಘ ಕೂಡ ತೂಗಿ ನೋಡುವುದು ಐಸಿಯು ಮಂಚದ ಪಕ್ಕದಲ್ಲಿ ನಿಂತು ಕಲಿತ ಗಂಟೆಗಳನ್ನೇ.

ಕರ್ನಾಟಕದ ಓದುಗರಿಗೂ ಈ ವಿಷಯ ದೂರದ್ದಲ್ಲ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು, ಇಲ್ಲಿ ಕಲಿತವರು ನ್ಯೂಜೆರ್ಸಿಯಿಂದ ಕೊಲ್ಲಿ ದೇಶಗಳವರೆಗೆ ಐಸಿಯುಗಳಲ್ಲಿ ದುಡಿಯುತ್ತಿದ್ದಾರೆ. ಕ್ರಿಟಿಕಲ್ ಕೇರ್‌ಗಾಗಿಯೇ ಎರಡು ವರ್ಷಗಳ ಸ್ನಾತಕೋತ್ತರ ನರ್ಸ್ ಪ್ರಾಕ್ಟೀಷನರ್ ಕೋರ್ಸನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದೆ. ಅದು ಒಳ್ಳೆಯ ಹೆಜ್ಜೆ, ಆದರೆ ಕೋರ್ಸ್ ಸೇರುವವರು ಕೆಲವರು, ನಾಳೆ ಬೆಳಗ್ಗೆ ವಾರ್ಡ್‌ನಿಂದ ಐಸಿಯುಗೆ ವರ್ಗವಾಗುವವರು ಅನೇಕರು. ಅವರಿಗೆ ಬೇಕಾದದ್ದು ಹೆಸರು ಹಿಡಿದು ಗೊತ್ತುಮಾಡಿದ ಒಬ್ಬ ಪ್ರಿಸೆಪ್ಟರ್, ಪೂರ್ಣ ಭಾರ ಹೊರಿಸದ ಕೆಲವು ವಾರಗಳು, ಕೇಳಿದರೆ ಬೈಯದ ಹಿರಿಯರು. ರಾಬಿನ್ಸ್‌ವಿಲ್‌ನ ನೆರೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆಸ್ಪತ್ರೆಗಳು ಈ ಮೂರನ್ನು ಬರವಣಿಗೆಯಲ್ಲಿ ಕೊಡಬೇಕು, ಕೊಡದಿದ್ದರೆ ನರ್ಸ್‌ಗಳು ಕೇಳಿ ಪಡೆಯಬೇಕು. ಮನೆಯವರೂ ಮಗಳು ಅಥವಾ ಮಗ ಐಸಿಯು ಸೇರಿದ್ದನ್ನು ಬಡ್ತಿಯೆಂದು ಹಿಗ್ಗುವ ಮೊದಲು, ಅಲ್ಲಿ ಕಲಿಸುವವರು ಯಾರು ಎಂದು ವಿಚಾರಿಸಬೇಕು. ಸಮಾಧಾನದ ಉತ್ತರ ಬಂದರೆ ಒಂದು ವರ್ಷದ ಅನುಭವ ಸಾಕು, ಧೈರ್ಯವಾಗಿ ಕಳಿಸಿಕೊಡಬಹುದು. ಬರದಿದ್ದರೆ ಹತ್ತು ವರ್ಷದ ಅನುಭವವೂ ಆ ಕೊರತೆಯನ್ನು ತುಂಬಲಾರದು.